ಅಮ್ಮ ಎಷ್ಟು ಸಲ ಕೂಗಿದಳು? ಇನ್ಸುಲಿನ್ ರೆಸಿಸ್ಟೆನ್ಸ್ ಪತ್ತೆ ಮಾಡುವ ಬಗೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರೆಯುವಾಗ ಕೆಲವು ಕಡೆ ಇನ್ನಷ್ಟು ಬಿಡಿಸಿ ಹೇಳಿದ್ದೇನೆ. ಕೊನೆಯ ಭಾಗವನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರುವಾಗ ಹಳೆಯ ರಕ್ತಪರೀಕ್ಷೆಯ ರಿಪೋರ್ಟ್ ಇದ್ದರೆ ತನ್ನಿ ಅಂತ ಹೇಳಿ ಕಳಿಸಿದ್ದೆ. ತುಂಬ ಜನ ತಂದಿದ್ದೀರಿ, ಸಂತೋಷ. ಅದು ಕೈಯಲ್ಲೇ ಇರಲಿ. ನಾನು ಒಂದು ಟೈಲರ್ ಟೇಪ್ ತಂದಿದ್ದೇನೆ. ಇವತ್ತಿನ ಮಾತಿಗೆ ಹೆಚ್ಚು ಕಡಿಮೆ ಇವೆರಡೇ ಸಾಕು.

ಮೊದಲು ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. 38 ವರ್ಷದ ಮೇಷ್ಟ್ರು. ಹೆಂಡತಿಗೆ ಥೈರಾಯ್ಡ್ ತೋರಿಸಲು ಜೊತೆಗೆ ಬಂದಿದ್ದರು. ಹೊರಡುವ ಹೊತ್ತಿಗೆ ಆಕೆ ಬ್ಯಾಗಿನಿಂದ ಇನ್ನೊಂದು ಕವರ್ ತೆಗೆದು, "ಇವರದ್ದೂ ಒಂದು ಸಲ ನೋಡಿಬಿಡಿ ಡಾಕ್ಟ್ರೇ" ಅಂದರು. ಮೇಷ್ಟ್ರು ಎದ್ದು ನಿಂತಿದ್ದರು. "ನಂದೇನಿಲ್ಲ ಮೇಡಂ, ಶುಗರ್ ನಾರ್ಮಲ್ ಇದೆ."

ನಿಜ. ಖಾಲಿ ಹೊಟ್ಟೆಯ ಶುಗರ್ 97. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.6. ಎರಡೂ ಗೆರೆಯೊಳಗೇ ಇವೆ. ಒಟ್ಟು ಕೊಲೆಸ್ಟ್ರಾಲ್ 178, ಅದೂ ಸರಿಯೇ. ನಾನು ಪುಟ ತಿರುಗಿಸಿದೆ. ರಕ್ತದಲ್ಲಿ ಹರಿಯುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 210. ಒಳ್ಳೆಯ ಕೊಲೆಸ್ಟ್ರಾಲ್ ಅನ್ನುತ್ತೇವಲ್ಲ, ಆ ಎಚ್‌ಡಿಎಲ್ 34. ಲಿವರ್ ಪರೀಕ್ಷೆಯ ಎಸ್‌ಜಿಪಿಟಿ 58. ಆ ಪುಟವನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಕೂರಿಸಿ ಬಿಪಿ ನೋಡಿದೆ, 134/86. ತೂಕ 68 ಕಿಲೋ, ಎತ್ತರ 168 ಸೆಂಟಿಮೀಟರ್. ನೋಡಿದರೆ ಯಾರೂ ದಪ್ಪ ಅನ್ನುವುದಿಲ್ಲ. ಸೊಂಟ ಎಷ್ಟು ಅಂದರೆ "34 ಮೇಡಂ" ಅಂದರು. ಅದು ಪ್ಯಾಂಟಿನ ಸೈಜು. ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ಹಾಗಾಗಿ ಹೊಟ್ಟೆ ಮುಂದೆ ಬಂದರೂ ಸೈಜು ಹತ್ತು ವರ್ಷದಿಂದ ಅದೇ ಇರುತ್ತದೆ. ಕೊನೆಯ ಪಕ್ಕೆಲುಬಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಎರಡರ ನಡುವೆ ಟೇಪ್ ಹಿಡಿದು, ಉಸಿರು ಸಹಜವಾಗಿ ಬಿಟ್ಟಾಗ ಅಳೆದೆ. 98 ಸೆಂಟಿಮೀಟರ್. ಅಂದರೆ 38 ಇಂಚಿಗೂ ಜಾಸ್ತಿ.

ಇವರ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ ಅನ್ನುವುದಕ್ಕೆ ನನಗೆ ಇನ್ನು ಯಾವ ಟೆಸ್ಟೂ ಬೇಕಿರಲಿಲ್ಲ. ಅದು ಹೇಗೆ ಅಂತ ವಿವರಿಸುವುದೇ ಇವತ್ತಿನ ಕೆಲಸ.

ಸಂಜೆ ಹೊತ್ತು ನೆನಪಿಸಿಕೊಳ್ಳಿ. ಮಕ್ಕಳು ಬೀದಿಯಲ್ಲಿ ಆಡುತ್ತಿವೆ. ಅಮ್ಮ ಬಾಗಿಲಿಗೆ ಬಂದು ಊಟಕ್ಕೆ ಕರೆಯುತ್ತಾಳೆ. ಕೆಲವು ಮನೆಯಲ್ಲಿ ಒಂದು ಸಲ ಕರೆದರೆ ಸಾಕು, ಮಕ್ಕಳು ಒಳಗೆ. ಇನ್ನು ಕೆಲವು ಮನೆಯಲ್ಲಿ ಎರಡು, ಮೂರು, ನಾಲ್ಕು ಸಲ ಕೂಗಬೇಕು. ಗಂಟಲು ಹರಿಯುವ ಹಾಗೆ ಕೂಗಿದ ಮೇಲೆ ಬರುತ್ತವೆ. ಎಂಟು ಗಂಟೆಗೆ ನೀವು ಎರಡೂ ಮನೆಗೆ ಹೋಗಿ ನೋಡಿ. ಎರಡು ಕಡೆಯೂ ಮಕ್ಕಳು ತಟ್ಟೆಯ ಮುಂದೆ ಕೂತಿರುತ್ತವೆ. ಬೀದಿ ಖಾಲಿ. ವ್ಯತ್ಯಾಸ ಇರುವುದು ಅಮ್ಮನ ಗಂಟಲಿನಲ್ಲಿ.

ರಕ್ತದಲ್ಲಿರುವ ಸಕ್ಕರೆಯೇ ಆ ಮಕ್ಕಳು. ಇನ್ಸುಲಿನ್ ಅಮ್ಮನ ಕೂಗು. ಶುಗರ್ ಟೆಸ್ಟ್ ಬೀದಿಯಲ್ಲಿ ಇನ್ನೂ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸುತ್ತದೆ, ಅಷ್ಟೇ. ಅಮ್ಮ ಎಷ್ಟು ಸಲ ಕೂಗಿದಳು ಅಂತ ಹೇಳುವುದಿಲ್ಲ. ಕೂಗು ಕೇಳದಿರುವುದೇ ಇನ್ಸುಲಿನ್ ರೆಸಿಸ್ಟೆನ್ಸ್. ಮೇದೋಜೀರಕ ಗ್ರಂಥಿ ಎರಡು ಪಟ್ಟು, ಮೂರು ಪಟ್ಟು ಇನ್ಸುಲಿನ್ ಸುರಿಸಿ ಶುಗರನ್ನು ಗೆರೆಯೊಳಗೆ ಇಟ್ಟಿರುತ್ತದೆ. ಹೀಗೆ ಎಷ್ಟೋ ವರ್ಷ ನಡೆಯುತ್ತದೆ. ಒಂದು ದಿನ ಗಂಟಲು ಕಟ್ಟುತ್ತದೆ. ಆಗ ಶುಗರ್ ಏರುತ್ತದೆ, ಆಗ ನಾವು "ಸಕ್ಕರೆ ಕಾಯಿಲೆ ಬಂತು" ಅನ್ನುತ್ತೇವೆ. ಬಂದದ್ದು ಅವತ್ತಲ್ಲ. ಅಷ್ಟು ವರ್ಷದ ಮುಂಚೆ ಅದನ್ನು ಹಿಡಿಯಬಹುದು ಅನ್ನುವುದೇ ನನ್ನ ಮಾತಿನ ಸಾರ.

ಈ ಕಿವುಡುತನ ಇದೆ ಅಂತ ಮೊದಲು ತೋರಿಸಿದವರು ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತ್ತು. ಸಕ್ಕರೆ ಕಾಯಿಲೆ ಅಂದರೆ ಇನ್ಸುಲಿನ್ ಕೊರತೆ, ಕೊಟ್ಟರೆ ಸರಿಹೋಗುತ್ತದೆ ಅಂತಲೇ ಎಲ್ಲರೂ ತಿಳಿದಿದ್ದ ಕಾಲ ಅದು. ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಅದೇ ಹೊತ್ತಿಗೆ ಇನ್ಸುಲಿನ್ ಚುಚ್ಚಿ, ಏನಾಗುತ್ತದೆ ಅಂತ ನೋಡಿದರು. ಕೆಲವರಲ್ಲಿ ಶುಗರ್ ಏರಲೇ ಇಲ್ಲ. ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಕೊಡದ ಹಾಗೇ ಏರಿತು. ಎರಡು ಬಗೆಯ ಸಕ್ಕರೆ ಕಾಯಿಲೆ ಇದೆ ಅಂತ 1936ರಲ್ಲಿ ಬರೆದರು. ರಕ್ತದಲ್ಲಿ ಇನ್ಸುಲಿನ್ ಅಳೆಯುವ ದಾರಿ ಆಗ ಇರಲಿಲ್ಲ. ಬರೀ ಶುಗರ್ ನೋಡಿ ಆ ಮನುಷ್ಯ ಅಷ್ಟು ದೂರ ಯೋಚಿಸಿದ್ದು ನನಗೆ ಈಗಲೂ ದೊಡ್ಡದು ಅನಿಸುತ್ತದೆ.

ಅಳೆಯುವ ದಾರಿ ಕಂಡುಹಿಡಿದವರು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್, 1960ರ ಹೊತ್ತಿಗೆ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಇಲ್ಲವೇ ಇಲ್ಲ ಅಂದುಕೊಂಡಿದ್ದರೆ, ಎಷ್ಟೋ ಜನರ ರಕ್ತದಲ್ಲಿ ಅದು ಧಾರಾಳವಾಗಿಯೇ ಇತ್ತು. ಕೂಗು ಇತ್ತು, ಕೇಳುವ ಕಿವಿ ಇರಲಿಲ್ಲ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು.

ಹಾಗಾದರೆ ಕಿವುಡುತನವನ್ನು ನೇರವಾಗಿ ಅಳೆಯಬಹುದಾ? ಅಳೆಯಬಹುದು. ಅದಕ್ಕೆ ಕ್ಲ್ಯಾಂಪ್ ಅಂತ ಹೆಸರು. ಅಮೆರಿಕದ ಡಾ. ಡಿಫ್ರಾಂಜೊ ಮತ್ತು ಜೊತೆಯವರು 1979ರಲ್ಲಿ ಅದನ್ನು ಸರಿಯಾಗಿ ರೂಪಿಸಿ ಬರೆದರು. ಓದುವ ಕಾಲದಲ್ಲಿ ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ರಾತ್ರಿಯಿಂದ ಏನೂ ತಿನ್ನದ ಮನುಷ್ಯ ಮಂಚದ ಮೇಲೆ ಮಲಗಿರುತ್ತಾರೆ. ಒಂದು ಕೈಯ ನರಕ್ಕೆ ಇನ್ಸುಲಿನ್ ಒಂದೇ ಸಮ ಹರಿಯುತ್ತಿರುತ್ತದೆ, ಅದರ ಜೊತೆಗೇ ಗ್ಲೂಕೋಸ್. ಇನ್ನೊಂದು ಕೈಯನ್ನು ಬೆಚ್ಚಗಿಟ್ಟು ಐದು ಐದು ನಿಮಿಷಕ್ಕೆ ರಕ್ತ ತೆಗೆದು ಶುಗರ್ ನೋಡುತ್ತಾರೆ. ಇಳಿಯಿತಾ, ಗ್ಲೂಕೋಸ್ ಜಾಸ್ತಿ ಬಿಡು. ಏರಿತಾ, ಕಡಿಮೆ ಮಾಡು. ಶುಗರ್ 90ರ ಹತ್ತಿರ ಅಲ್ಲಾಡದೆ ನಿಲ್ಲುವವರೆಗೆ, ಎರಡು ಗಂಟೆಗೂ ಮಿಕ್ಕಿ ಇದೇ ಕೆಲಸ. ಕೊನೆಗೆ ನಿಮಿಷಕ್ಕೆ ಎಷ್ಟು ಗ್ಲೂಕೋಸ್ ಬೇಕಾಯಿತು ಅನ್ನುವುದೇ ಉತ್ತರ. ಜಾಸ್ತಿ ಬೇಕಾದರೆ ದೇಹ ಇನ್ಸುಲಿನ್ ಮಾತು ಚೆನ್ನಾಗಿ ಕೇಳುತ್ತಿದೆ ಅಂತ. ಕಡಿಮೆ ಸಾಕಾದರೆ ಕೇಳುತ್ತಿಲ್ಲ ಅಂತ. ಅಂದರೆ ಕೂಗಿನ ಸದ್ದನ್ನು ಒಂದೇ ಮಟ್ಟದಲ್ಲಿಟ್ಟು, ಎಷ್ಟು ಮಕ್ಕಳು ಒಳಗೆ ಬಂದರು ಅಂತ ಎಣಿಸಿದ ಹಾಗೆ.

ಇದಕ್ಕಿಂತ ನಂಬಬಹುದಾದ ಅಳತೆ ಇನ್ನೂ ಇಲ್ಲ. ಆದರೆ ಒಬ್ಬರಿಗೆ ಅರ್ಧ ದಿನ, ಪಕ್ಕದಲ್ಲಿ ಕದಲದೆ ನಿಲ್ಲುವ ಡಾಕ್ಟರ್, ಹತ್ತಾರು ಸಲ ರಕ್ತ. ಇದು ಸಂಶೋಧನೆಗೆ, ನಮ್ಮ ನಿಮ್ಮ ಕ್ಲಿನಿಕ್ಕಿಗಲ್ಲ.

ಸುಲಭದ ದಾರಿಯೊಂದನ್ನು ಆಕ್ಸ್‌ಫರ್ಡಿನ ಡೇವಿಡ್ ಮ್ಯಾಥ್ಯೂಸ್ ಮತ್ತು ಜೊತೆಯವರು 1985ರಲ್ಲಿ ಕೊಟ್ಟರು. ಹೋಮಾ ಐಆರ್ ಅಂತ ಕರೆಯುತ್ತಾರೆ. ಈಗ "ಫುಲ್ ಬಾಡಿ ಚೆಕಪ್" ಪ್ಯಾಕೇಜಿನಲ್ಲಿ ಇದೂ ಸೇರಿಕೊಂಡಿದೆ, ನಿಮ್ಮಲ್ಲಿ ಕೆಲವರ ರಿಪೋರ್ಟ್‌ನಲ್ಲಿ ಇರಬಹುದು. ಲೆಕ್ಕ ಸುಲಭ. ಖಾಲಿ ಹೊಟ್ಟೆಯ ಶುಗರ್ ಮತ್ತು ಖಾಲಿ ಹೊಟ್ಟೆಯ ಇನ್ಸುಲಿನ್, ಎರಡನ್ನೂ ಗುಣಿಸಿ 405ರಿಂದ ಭಾಗಿಸಿ. ಮೇಷ್ಟ್ರು ಆಮೇಲೆ ತಮ್ಮ ಸಮಾಧಾನಕ್ಕೆ ಇನ್ಸುಲಿನ್ ಕೂಡ ಮಾಡಿಸಿಕೊಂಡು ಬಂದರು. 14 ಬಂದಿತ್ತು. 97 ಗುಣಿಲೆ 14, ಭಾಗಿಲೆ 405. ಸುಮಾರು 3.4. ಸಾಮಾನ್ಯವಾಗಿ 2ರಿಂದ 2.5 ದಾಟಿದರೆ ರೆಸಿಸ್ಟೆನ್ಸ್ ಇದೆ ಅನ್ನುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಒಂದು ಅಂಕಿ ಹಿಡಿದುಕೊಂಡು ನಿದ್ದೆಗೆಟ್ಟು ಬರುವವರನ್ನು ವಾರಕ್ಕೆ ಒಬ್ಬರನ್ನಾದರೂ ನೋಡುತ್ತೇನೆ.

ಇನ್ಸುಲಿನ್ ರಕ್ತಕ್ಕೆ ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ. ಕೆಲವು ನಿಮಿಷಕ್ಕೊಮ್ಮೆ ಅಲೆ ಅಲೆಯಾಗಿ ಬರುತ್ತದೆ. ಸೂಜಿ ಚುಚ್ಚಿದ ಗಳಿಗೆ ಅಲೆ ಮೇಲಿತ್ತಾ, ಕೆಳಗಿತ್ತಾ ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ. ಅದಕ್ಕೇ ಐದು ಐದು ನಿಮಿಷ ಬಿಟ್ಟು ಮೂರು ಸಲ ತೆಗೆದು ಸರಾಸರಿ ನೋಡುವುದು ಒಳ್ಳೆಯದು. ಪ್ಯಾಕೇಜ್ ಚೆಕಪ್‌ನಲ್ಲಿ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೆ ಇನ್ಸುಲಿನ್ ಟ್ಯೂಬಿನೊಳಗೇ ಕರಗಿ ಹೋಗುತ್ತದೆ, ರಿಪೋರ್ಟ್‌ನಲ್ಲಿ ಸುಳ್ಳು ಕಡಿಮೆ ಬರುತ್ತದೆ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುವವರಲ್ಲಿ ಕೆಲವು ಯಂತ್ರಗಳು ತಪ್ಪು ಅಂಕಿ ಕೊಡುತ್ತವೆ. ಇದೆಲ್ಲ ಸರಿಯಿದ್ದರೂ ಒಂದು ಲ್ಯಾಬಿನ ಯಂತ್ರದ ಅಳತೆ ಇನ್ನೊಂದರ ಅಳತೆಗೆ ಹೊಂದುವುದಿಲ್ಲ. ಮೇಷ್ಟ್ರ ಅದೇ ರಕ್ತಕ್ಕೆ ಇನ್ನೊಂದು ಯಂತ್ರ 10 ಅಂತ ತೋರಿಸಿದ್ದರೆ ಹೋಮಾ 2.4 ಆಗುತ್ತಿತ್ತು. ಮನುಷ್ಯ ಅವರೇ, ಹೊಟ್ಟೆ ಅದೇ.

ಇನ್ನೊಂದು ತೊಂದರೆ ಇದೆ, ಅದು ಇನ್ನೂ ಕೆಟ್ಟದ್ದು. ಇನ್ಸುಲಿನ್ 25ರವರೆಗೂ "ನಾರ್ಮಲ್" ಅಂತ ಎಷ್ಟೋ ರಿಪೋರ್ಟ್‌ಗಳಲ್ಲಿ ಅಚ್ಚಾಗಿರುತ್ತದೆ. ಒಬ್ಬರಿಗೆ ಶುಗರ್ 95, ಇನ್ಸುಲಿನ್ 25 ಅಂತಿಟ್ಟುಕೊಳ್ಳಿ. ಎರಡೂ ಗೆರೆಯೊಳಗೇ. ಗುಣಿಸಿ ಭಾಗಿಸಿದರೆ 5.9! ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಾಳೆ, ರಿಪೋರ್ಟ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ. ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಗ್ರಂಥಿ ಸೋತು ಇನ್ಸುಲಿನ್ ಇಳಿದಿರುತ್ತದೆ, ಹೋಮಾ ಅಷ್ಟೇನೂ ಏರಿರುವುದಿಲ್ಲ. ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುವವರಲ್ಲಂತೂ ಈ ಲೆಕ್ಕಕ್ಕೆ ಅರ್ಥವೇ ಇಲ್ಲ.

ಹಾಗಾಗಿ ನಾನು ಇನ್ಸುಲಿನ್ ಟೆಸ್ಟ್ ಬರೆಯುವುದು ತುಂಬ ಅಪರೂಪ. ಮಾಡಿಸಿದವರ ಅಂಕಿಯನ್ನು ನೋಡದೆ ಬಿಡುವುದಿಲ್ಲ, ಆದರೆ ಅದೊಂದನ್ನೇ ನಂಬುವುದಿಲ್ಲ.

ಹಾಗಾದರೆ ಏನನ್ನು ನಂಬಬೇಕು? ಕಿವುಡುತನ ಬಿಟ್ಟುಹೋಗುವ ಹೆಜ್ಜೆಗುರುತನ್ನು. ನಿಮ್ಮ ಕೈಯಲ್ಲಿರುವ ರಿಪೋರ್ಟ್ ಈಗ ತೆರೆಯಿರಿ. ಲಿಪಿಡ್ ಪ್ರೊಫೈಲ್ ಅಂತ ಬರೆದಿರುವ ಭಾಗ. ಸಿಕ್ಕಿತಾ? ಅದರಲ್ಲಿ ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್, ಈ ಎರಡು ಸಾಲಿನ ಮೇಲೆ ಬೆರಳಿಡಿ.

ಇನ್ಸುಲಿನ್ ಮೂರು ಕಡೆ ಮೂರು ಮಾತು ಹೇಳುತ್ತದೆ. ಸ್ನಾಯುಗಳಿಗೆ, ಸಕ್ಕರೆಯನ್ನು ಒಳಗೆ ತಗೊಳ್ಳಿ ಅಂತ. ಲಿವರಿಗೆ, ಹೊಸದಾಗಿ ಸಕ್ಕರೆ ಮಾಡುವುದು ನಿಲ್ಲಿಸು ಅಂತ. ಕೊಬ್ಬಿನ ಕಣಗಳಿಗೆ, ಕೊಬ್ಬನ್ನು ಹಿಡಿದಿಟ್ಟುಕೋ, ರಕ್ತಕ್ಕೆ ಬಿಡಬೇಡ ಅಂತ. ರೆಸಿಸ್ಟೆನ್ಸ್ ಬಂದಾಗ ಸ್ನಾಯು ತಗೊಳ್ಳುವುದಿಲ್ಲ. ಕೊಬ್ಬಿನ ಕಣ ಸೋರುತ್ತದೆ, ಸೋರಿದ್ದು ನೇರ ಲಿವರಿಗೆ ಬರುತ್ತದೆ. ಲಿವರಿನ ನಡವಳಿಕೆ ವಿಚಿತ್ರ. ಸಕ್ಕರೆ ಮಾಡಬೇಡ ಅನ್ನುವ ಮಾತಿಗೆ ಅದು ಕಿವುಡಾಗಿರುತ್ತದೆ. ಆದರೆ ಕೊಬ್ಬು ಮಾಡು ಅನ್ನುವ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಲೇ ಇರುತ್ತದೆ! ಕೂಗು ಜೋರಾದಷ್ಟೂ ಜಾಸ್ತಿ ಕೊಬ್ಬು ಮಾಡುತ್ತದೆ. ಸ್ವಲ್ಪ ತನ್ನಲ್ಲೇ ತುಂಬಿಕೊಳ್ಳುತ್ತದೆ. ಸ್ಕ್ಯಾನಿಂಗ್‌ನಲ್ಲಿ "ಫ್ಯಾಟಿ ಲಿವರ್" ಅಂತ ಬರೆಯುವುದು, ಎಸ್‌ಜಿಪಿಟಿ ಏರುವುದು ಎಷ್ಟೋ ಸಲ ಇದರಿಂದಲೇ. ಉಳಿದದ್ದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಕಳಿಸುತ್ತದೆ. ರಕ್ತದಲ್ಲಿ ಅದು ಜಾಸ್ತಿಯಾದರೆ ಎಚ್‌ಡಿಎಲ್ ಬೇಗ ಬೇಗ ಖಾಲಿಯಾಗುತ್ತದೆ. ಹಾಗಾಗಿ ಒಂದು ಮೇಲೆ, ಒಂದು ಕೆಳಗೆ. ಈ ಜೋಡಿ ಕಂಡರೆ ಹಿಂದೆ ಯಾರಿದ್ದಾರೆ ಅಂತ ಊಹಿಸಬಹುದು.

ಟ್ರೈಗ್ಲಿಸರೈಡನ್ನು ಎಚ್‌ಡಿಎಲ್‌ನಿಂದ ಭಾಗಿಸಿ. ಮೇಷ್ಟ್ರದ್ದು 210 ಭಾಗಿಲೆ 34, ಆರಕ್ಕಿಂತ ಜಾಸ್ತಿ. ಮೂರು ದಾಟಿದರೆ ನಾನು ಪೆನ್ನು ಕೆಳಗಿಟ್ಟು ಟೇಪ್ ಎತ್ತಿಕೊಳ್ಳುತ್ತೇನೆ. ಇದೂ ಕಲ್ಲಿನ ಮೇಲೆ ಕೆತ್ತಿದ ಗೆರೆಯಲ್ಲ. ಕುಡಿತ, ಥೈರಾಯ್ಡ್, ಕೆಲವು ಮಾತ್ರೆಗಳಿಂದಲೂ ಟ್ರೈಗ್ಲಿಸರೈಡ್ ಏರುತ್ತದೆ. ಆದರೆ ಇದಕ್ಕೆ ಹೊಸದಾಗಿ ಒಂದು ರೂಪಾಯಿಯೂ ಖರ್ಚಿಲ್ಲ. ಅಂಕಿಗಳು ವರ್ಷಗಟ್ಟಲೆಯಿಂದ ನಿಮ್ಮ ಬೀರುವಿನಲ್ಲೇ ಇವೆ.

ಇವುಗಳನ್ನೆಲ್ಲ ಒಂದು ಗಂಟು ಕಟ್ಟಿ ತೋರಿಸಿದವರು ಸ್ಟ್ಯಾನ್‌ಫರ್ಡಿನ ಜೆರಾಲ್ಡ್ ರೀವನ್, 1988ರ ಒಂದು ಉಪನ್ಯಾಸದಲ್ಲಿ. ಬಿಪಿ ಬೇರೆ, ಕೊಬ್ಬು ಬೇರೆ, ಶುಗರ್ ಬೇರೆ ಅಂತ ನೋಡಬೇಡಿ, ಬೇರು ಒಂದೇ ಅಂದರು. ಅದಕ್ಕೆ ಸಿಂಡ್ರೋಮ್ ಎಕ್ಸ್ ಅಂತ ಹೆಸರಿಟ್ಟರು. ಈಗ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ. ಐದು ವಿಷಯ ನೋಡುತ್ತೇವೆ. ಸೊಂಟ ನಮ್ಮ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಮುಟ್ಟಿದ್ದರೆ ಒಂದು. ಟ್ರೈಗ್ಲಿಸರೈಡ್ 150 ಅಥವಾ ಮೇಲೆ. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಬಿಪಿಯಲ್ಲಿ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿದ್ದರೆ ಇನ್ನೊಂದು. ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲೆ. ಐದರಲ್ಲಿ ಮೂರಿದ್ದರೆ ಸಾಕು. ಮೇಷ್ಟ್ರಿಗೆ ನಾಲ್ಕಿತ್ತು. ಇಲ್ಲದಿದ್ದ ಒಂದೇ ಒಂದು ಶುಗರ್. ಅವರು ನೋಡಿಕೊಂಡಿದ್ದೂ ಅದೊಂದನ್ನೇ.

ಸೊಂಟದ ಗೆರೆ ನಮಗೆ ಬೇರೆ ಯಾಕೆ ಅಂತ ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ಕೇಳುತ್ತಿದ್ದಾರೆ. ಒಳ್ಳೆ ಪ್ರಶ್ನೆ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಒಂದು ಪ್ರಸಿದ್ಧ ಫೋಟೋ ಇದೆ. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರು ಮತ್ತು ಲಂಡನ್ನಿನ ಗೆಳೆಯ ಜಾನ್ ಯುಡ್‌ಕಿನ್ ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರೂ ತೆಳ್ಳಗೆ. ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ, ಬಿಎಂಐ, ಇಬ್ಬರದ್ದೂ ಒಂದೇ, 22.3. ಯಂತ್ರದಲ್ಲಿ ಮೈಯ ಕೊಬ್ಬು ಅಳೆದರೆ ಯುಡ್‌ಕಿನ್‌ರದ್ದು ನೂರಕ್ಕೆ 9.1, ಯಾಜ್ಞಿಕರದ್ದು 21.2. ಎರಡು ಪಟ್ಟಿಗೂ ಜಾಸ್ತಿ! ನಮ್ಮವರು ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಊಟದ ಸಕ್ಕರೆಯನ್ನು ಹೀರಬೇಕಾದದ್ದು ಮುಖ್ಯವಾಗಿ ಸ್ನಾಯು. ಅದೇ ಕಡಿಮೆಯಿದ್ದರೆ? ಕೊಬ್ಬು ಹೋಗಿ ಕೂರುವುದು ಹೊಟ್ಟೆಯೊಳಗೆ, ಕರುಳಿನ ಸುತ್ತ, ಲಿವರಿನಲ್ಲಿ. ಅದಕ್ಕೇ ತೂಕದ ಯಂತ್ರಕ್ಕಿಂತ ಟೇಪ್ ಮೇಲು. ಎತ್ತರದ ಅರ್ಧಕ್ಕಿಂತ ಸೊಂಟ ಜಾಸ್ತಿ ಇರಬಾರದು ಅಂತ ನೆನಪಿಟ್ಟುಕೊಂಡರೂ ಸಾಕು. ಮನೆಯಲ್ಲಿ ಟೇಪ್ ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅದನ್ನು ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತಿ ನೋಡಿ. ತುದಿಗಳು ಕೂಡಬೇಕು.

ಇದರ ಬೇರು ಹುಟ್ಟಿಗೂ ಮುಂಚೆಯೇ ಇದೆ ಅನ್ನುವುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನ ಸುತ್ತಮುತ್ತ ಇದ್ದವರನ್ನು 1990ರ ದಶಕದಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿಯ ಸಂಶೋಧಕರು ಸೇರಿ ಮಾಡಿದ ಕೆಲಸ. ಹುಟ್ಟಿದಾಗ ಉದ್ದ ಕಡಿಮೆ, ಆ ಉದ್ದಕ್ಕೆ ಮೈ ಗುಂಡಗೆ ಇದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು. ತಾಯಿ ಬಸುರಿಯಲ್ಲಿ ತೂಕ ಜಾಸ್ತಿ ಇದ್ದವರ ಮಕ್ಕಳಲ್ಲೂ ಹಾಗೆಯೇ. ಯಾರೋ ದಾದಿ ಹೆರಿಗೆ ಕೋಣೆಯಲ್ಲಿ ಅವತ್ತು ಅಚ್ಚುಕಟ್ಟಾಗಿ ಬರೆದಿಟ್ಟ ಸಾಲು ಅರವತ್ತು ವರ್ಷದ ಮೇಲೆ ಜಗತ್ತಿಗೆ ಪಾಠವಾಯಿತು. ಆ ದಾದಿಯರ ಬಗ್ಗೆ ನನಗೆ ತುಂಬ ಗೌರವ.

ಈಗ ಮುಂದಿನ ಹೆಜ್ಜೆ. ಟೇಪು, ರಿಪೋರ್ಟು ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ನಾನು ಮಾಡಿಸುವ ಟೆಸ್ಟ್ ಒಂದೇ. ಗ್ಲೂಕೋಸ್ ಕುಡಿದು ಎರಡು ಗಂಟೆಯ ಮೇಲೆ ನೋಡುವುದು. ಇದು "ಊಟ ಆದ ಮೇಲಿನ ಶುಗರ್" ಅಲ್ಲ. ಅದರಲ್ಲಿ ಒಬ್ಬರು ಮಸಾಲೆದೋಸೆ ತಿಂದು ಬರುತ್ತಾರೆ, ಇನ್ನೊಬ್ಬರು ಟೆಸ್ಟ್ ಇದೆ ಅಂತ ಎರಡೇ ಇಡ್ಲಿ ತಿಂದು ಬರುತ್ತಾರೆ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲಾಗುವುದಿಲ್ಲ. ಗ್ಲೂಕೋಸ್ ಟೆಸ್ಟ್‌ನಲ್ಲಿ ಎಲ್ಲರಿಗೂ 75 ಗ್ರಾಂ, ನೀರಿನಲ್ಲಿ ಕದಡಿ, ಐದು ನಿಮಿಷದೊಳಗೆ ಕುಡಿಯಬೇಕು. ಹಿಂದಿನ ಮೂರು ದಿನ ಎಂದಿನ ಹಾಗೆ ಅನ್ನ, ಮುದ್ದೆ ತಿಂದಿರಬೇಕು. ಟೆಸ್ಟ್ ಚೆನ್ನಾಗಿ ಬರಲಿ ಅಂತ ಉಪವಾಸ ಮಾಡಿದರೆ ಉಲ್ಟಾ ಆಗುತ್ತದೆ. ರಾತ್ರಿ ಊಟದ ಮೇಲೆ ಏನೂ ತಿನ್ನಬಾರದು. ಕುಡಿದ ಮೇಲೆ ಎರಡು ಗಂಟೆ ಸುಮ್ನೆ ಕೂತಿರಬೇಕು. ಮಧ್ಯೆ ತರಕಾರಿ ತರೋಣ ಅಂತ ಎದ್ದು ಹೋಗಬಾರದು, ನಡೆದರೆ ಸ್ನಾಯು ಸಕ್ಕರೆ ಹೀರಿಬಿಡುತ್ತದೆ. ಎರಡು ಗಂಟೆಗೆ 140ರ ಒಳಗಿದ್ದರೆ ಸರಿ. 140ರಿಂದ 199 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ. 200 ಅಥವಾ ಮೇಲಿದ್ದರೆ ಸಕ್ಕರೆ ಕಾಯಿಲೆ.

ಖಾಲಿ ಹೊಟ್ಟೆಯಲ್ಲಿ 97 ಇದ್ದ ಮೇಷ್ಟ್ರಿಗೆ ಎರಡು ಗಂಟೆಯ ಮೇಲೆ 162 ಬಂತು. ಬೆಳಿಗ್ಗೆ ಬೀದಿ ಖಾಲಿಯೇ ಇತ್ತು. ಜಾತ್ರೆಯಷ್ಟು ಮಕ್ಕಳನ್ನು ಒಮ್ಮೆಗೇ ಬಿಟ್ಟಾಗ ಗೊತ್ತಾಯಿತು, ಎಷ್ಟು ಕೂಗಿದರೂ ಒಳಗೆ ಬರುತ್ತಿಲ್ಲ ಅಂತ.

ಟೆಸ್ಟ್‌ಗೂ ಮುಂಚೆ ಮನೆಯಲ್ಲೇ ಕೂತು ಲೆಕ್ಕ ಹಾಕಲು ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನವರು 2005ರಲ್ಲಿ ಒಂದು ಅಂಕಪಟ್ಟಿ ಮಾಡಿಕೊಟ್ಟಿದ್ದಾರೆ. ವಯಸ್ಸು, ಸೊಂಟ, ವ್ಯಾಯಾಮ, ಅಪ್ಪ ಅಮ್ಮನಿಗೆ ಶುಗರ್ ಇದೆಯಾ, ನಾಲ್ಕೇ ಪ್ರಶ್ನೆ. ಸಕ್ಕರೆ ಕಾಯಿಲೆಯ ಅಪಾಯ ಎಷ್ಟು ಅಂತ ಅದು ಹೇಳುತ್ತದೆ. ನೂರಕ್ಕೆ 60 ಅಥವಾ ಮೇಲಿದ್ದರೆ ಜಾಸ್ತಿ ಅಪಾಯ. ಮೇಷ್ಟ್ರದ್ದು ವಯಸ್ಸಿಗೆ 20, ಸೊಂಟಕ್ಕೆ 10, ಕೂತೇ ಇರುವುದಕ್ಕೆ 30, ಅಪ್ಪನಿಗೆ ಶುಗರ್ ಇರುವುದಕ್ಕೆ 10. ಒಟ್ಟು 70. ಅದರಲ್ಲಿ 30 ಅಂಕ ಬರೀ ಕೂತಿದ್ದಕ್ಕೆ ಬಂದದ್ದು ನೋಡಿ.

ಪತ್ತೆ ಮಾಡಿ ಏನು ಪ್ರಯೋಜನ ಅಂತ ಕೆಲವರು ಕೇಳುತ್ತಾರೆ. ಪ್ರಯೋಜನ ಇದೆ. ಚೆನ್ನೈನ ಡಾ. ರಾಮಚಂದ್ರನ್ ಮತ್ತು ಜೊತೆಯವರು ಗ್ಲೂಕೋಸ್ ಟೆಸ್ಟ್‌ನಲ್ಲಿ ಹೀಗೆ ನಡುವೆ ಸಿಕ್ಕಿಕೊಂಡವರನ್ನು ಮೂರು ವರ್ಷ ಹತ್ತಿರದಿಂದ ನೋಡಿ 2006ರಲ್ಲಿ ಬರೆದರು. ನಡಿಗೆ ಮತ್ತು ಊಟದ ತಿದ್ದುಪಡಿ ಮಾಡಿದವರಲ್ಲಿ ಸಕ್ಕರೆ ಕಾಯಿಲೆಗೆ ತಿರುಗುವ ಅಪಾಯ ನೂರಕ್ಕೆ 28.5ರಷ್ಟು ಇಳಿಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟಾಗಲೂ ಹೆಚ್ಚು ಕಡಿಮೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಪ್ರಿಡಯಾಬಿಟಿಸ್ ಇರುವವರು 13.6 ಕೋಟಿ. ಆ 13.6 ಕೋಟಿ ಜನಕ್ಕೆ ಇನ್ನೂ ಹೊತ್ತಿದೆ. ನನಗೆ ಹೊಟ್ಟೆ ಉರಿಯುವುದು ಅವರಲ್ಲಿ ಎಷ್ಟೋ ಜನಕ್ಕೆ "ನಾರ್ಮಲ್" ಅಂತ ಯಾರೋ ಹೇಳಿ ಕಳಿಸಿರುತ್ತಾರಲ್ಲ, ಅದಕ್ಕೆ.

ಪ್ರಶ್ನೆಗಳು ಬಂದವು. ಮುಖ್ಯವಾದ ಕೆಲವನ್ನಷ್ಟೇ ಬರೆಯುತ್ತೇನೆ.

ಎಚ್‌ಬಿಎ1ಸಿ ಒಂದೇ ಸಾಲದಾ ಅಂತ ಒಬ್ಬರು ಕೇಳಿದರು. ರಕ್ತಹೀನತೆ ಇರುವವರಲ್ಲಿ ಅದು ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆಯಿದ್ದರೆ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕೆಂಪುಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆ ತೋರಿಸುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಓದಬಾರದು.

ಪಿಸಿಒಡಿ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇರುವ ಮಗಳಿಗೆ ಇನ್ಸುಲಿನ್ ಟೆಸ್ಟ್ ಮಾಡಿಸಬೇಕಾ ಅಂತ ಇನ್ನೊಬ್ಬರು. ಬೇಕಿಲ್ಲ. ಪಿಸಿಒಡಿ ಇರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ, ತೆಳ್ಳಗಿದ್ದರೂ ಸಹ, ರೆಸಿಸ್ಟೆನ್ಸ್ ಇರುತ್ತದೆ. ಆ ದುಡ್ಡಿನಲ್ಲಿ ಗ್ಲೂಕೋಸ್ ಟೆಸ್ಟ್ ಮಾಡಿಸಿ. ಬಸುರಿಯಲ್ಲಿ ಶುಗರ್ ಬಂದು ಹೆರಿಗೆಯಾದ ಮೇಲೆ ಹೋದವರೂ ಅಷ್ಟೇ. ಹೋಯಿತು ಅಂತ ಮರೆಯಬೇಡಿ, ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೆ ಆಗಾಗ ಮಾಡಿಸುತ್ತಿರಿ.

ಜ್ವರ ಬಂದಾಗ ಟೆಸ್ಟ್ ಮಾಡಿಸಬಹುದಾ? ಬೇಡ. ಜ್ವರ, ಸ್ಟೀರಾಯ್ಡ್ ಮಾತ್ರೆ, ನಾಲ್ಕು ದಿನದ ನಿದ್ದೆಗೇಡು, ಇವೆಲ್ಲ ದೇಹವನ್ನು ತಾತ್ಕಾಲಿಕವಾಗಿ ಕಿವುಡು ಮಾಡುತ್ತವೆ. ಸುಧಾರಿಸಿಕೊಂಡ ಮೇಲೆ ಮಾಡಿಸಿ.

ಎಲ್ಲ ಮುಗಿದು ಕುರ್ಚಿ ಎತ್ತಿಡುವಾಗ ಒಬ್ಬ ತಾಯಿ ಹತ್ತಿರ ಬಂದರು. ಎಲ್ಲರ ಮುಂದೆ ಕೇಳಲು ಸಂಕೋಚವಾಯಿತಂತೆ. ಹದಿನಾಲ್ಕು ವರ್ಷದ ಮಗಳಿಗೆ ಕತ್ತು ಕಪ್ಪಾಗಿದೆ, ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ, ಯಾವ ಸೋಪು ಒಳ್ಳೆಯದು ಅಂತ ಕೇಳಿದರು. ಮಂಗಳವಾರ ಕರೆದುಕೊಂಡು ಬನ್ನಿ ಅಂದೆ.

ಬಂದರು. ಹುಡುಗಿ ಸೆಖೆಯಲ್ಲೂ ದುಪಟ್ಟಾವನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಮೆಲ್ಲಗೆ ಬಿಡಿಸಿದೆ. ಕತ್ತಿನ ಹಿಂಭಾಗ, ಎರಡೂ ಪಕ್ಕ ಕಪ್ಪು ಪಟ್ಟಿ. ಬೆರಳಿಟ್ಟರೆ ಮಖಮಲ್ಲಿನ ಹಾಗೆ ಮೆತ್ತಗೆ, ಸಣ್ಣ ಸಣ್ಣ ಮಡಿಕೆ. ಅದರ ಮೇಲೆ ಅಲ್ಲಲ್ಲಿ ಕೆಂಪಗೆ ತರಚಿತ್ತು. ಕಡಲೆಹಿಟ್ಟು, ನಿಂಬೆಹಣ್ಣು, ಆಮೇಲೆ ಪ್ಯೂಮಿಸ್ ಕಲ್ಲು. ಕಂಕುಳಲ್ಲೂ ಅದೇ ಬಣ್ಣ. ಸ್ಕೂಲಿನಲ್ಲಿ ಹಿಂದೆ ಕೂತ ಹುಡುಗಿಯರು "ಸ್ನಾನ ಮಾಡಲ್ವಾ" ಅಂತ ಕೇಳುತ್ತಾರಂತೆ.

ತಾಯಿಗೆ ಹೇಳಿದೆ, ಇದಕ್ಕೆ ಅಕಾಂಥೋಸಿಸ್ ಅಂತ ಹೆಸರು. ಇನ್ಸುಲಿನ್ ವಿಪರೀತ ಜಾಸ್ತಿಯಾದಾಗ ಅದು ಚರ್ಮದ ಕಣಗಳನ್ನೂ ಬೆಳೆಯಲು ತಳ್ಳುತ್ತದೆ. ಚರ್ಮ ದಪ್ಪಗಾಗುತ್ತದೆ, ಕಪ್ಪಾಗುತ್ತದೆ. ಅಮ್ಮನ ಕೂಗು ಮೈ ಮೇಲೆ ಬರೆದುಕೊಂಡ ಹಾಗೆ. (ವಯಸ್ಸಾದ, ತೆಳ್ಳಗಿನ ಮನುಷ್ಯರಲ್ಲಿ ಇದ್ದಕ್ಕಿದ್ದ ಹಾಗೆ ಬಂದರೆ ಮಾತ್ರ ಬೇರೆ ಯೋಚನೆ ಮಾಡಬೇಕು, ಅಪರೂಪಕ್ಕೆ ಒಳಗಿನ ಕ್ಯಾನ್ಸರಿನ ಗುರುತು ಆಗಿರುತ್ತದೆ.) ಹರೆಯದಲ್ಲಿ ದೇಹ ಹೇಗೂ ಸ್ವಲ್ಪ ಕಿವುಡಾಗುತ್ತದೆ. ಈ ಹುಡುಗಿಯ ಸೊಂಟ 84, ಎತ್ತರ 152. ಅರ್ಧಕ್ಕಿಂತ ಜಾಸ್ತಿ. ಮುಟ್ಟು ಎರಡು ತಿಂಗಳಿಗೊಮ್ಮೆ. ಅಜ್ಜಿಗೆ, ಸೋದರಮಾವನಿಗೆ ಶುಗರ್. ಗ್ಲೂಕೋಸ್ ಟೆಸ್ಟ್, ಲಿಪಿಡ್, ಎಸ್‌ಜಿಪಿಟಿ ಬರೆದುಕೊಟ್ಟೆ. ಸಂಜೆ ಸ್ಕೂಲು ಬಿಟ್ಟ ಮೇಲೆ ಟ್ಯೂಷನ್‌ಗೆ ಮುಂಚೆ ಒಂದು ಗಂಟೆ ಆಡಲು ಬಿಡಿ ಅಂದೆ. ಮೈ ಇಳಿದು ಇನ್ಸುಲಿನ್ ಇಳಿದ ಹಾಗೆ ಬಣ್ಣವೂ ನಿಧಾನಕ್ಕೆ ತಿಳಿಯಾಗುತ್ತದೆ, ತಿಂಗಳುಗಟ್ಟಲೆ ಬೇಕು ಅಂದೆ.

ಹುಡುಗಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಕೊನೆಗೆ ಕೇಳಿದಳು, "ಅಂದ್ರೆ ಇದು ಕೊಳೆ ಅಲ್ವಾ ಮೇಡಂ?"

"ಅಲ್ಲ ಮಗು. ಕೊಳೆಯೇ ಅಲ್ಲ."

ಅವಳು ಅಮ್ಮನ ಕಡೆ ತಿರುಗಿ ನೋಡಿದಳು. ಅಮ್ಮ ಏನೂ ಹೇಳಲಿಲ್ಲ. ಮಗಳ ಕತ್ತಿನ ಮೇಲೆ, ತರಚಿದ ಕಡೆ, ಮೆಲ್ಲಗೆ ಕೈಯಿಟ್ಟರು. ಹೊರಗೆ ಹೋಗುವಾಗ ದುಪಟ್ಟಾ ಹುಡುಗಿಯ ಕೈಯಲ್ಲಿತ್ತು.